ಅಂಚೆಯಣ್ಣನ ಎದೆನೋವಿಗೆ ಕೊಟ್ಟ ಮದ್ದು

ಆ ಬೇಸಿಗೆಯಲ್ಲಿ ನಮ್ಮ ಔಷಧಾಲಯದಲ್ಲಿ ಔಷಧಕ್ಕಿಂತ ಹೆಚ್ಚಾಗಿ ಶೀಸೆಗಳಿಗೆ ಬರ ಬಂದಿತ್ತು. ಬರ್ಮಾ ಜಪಾನಿನವರ ಕೈಸೇರಿದ ಮಾರನೆಯ ವರ್ಷ. ಮಿಕ್ಸ್ಚರು ಬೇಕಾದವರು ಮನೆಯಿಂದಲೇ ಶೀಸೆ ತೊಳೆದು ತರಬೇಕು; ಪುಡಿಯನ್ನೂ ಗುಳಿಗೆಯನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವುದು ವಾಡಿಕೆ. ನಾನು ಅಲ್ಲಿ ಕಾಂಪೌಂಡರ್. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರು, ಹೆಸರು ಬೇಡ. ಎರಡು ಕೋಣೆಯ ಹೆಂಚಿನ ಕಟ್ಟಡ, ಒಬ್ಬರು ಡಾಕ್ಟರು, ನಾನು, ಗುಡಿಸಿ ಒರೆಸಲು ಒಬ್ಬ ಹೆಂಗಸು. ಪೊಟ್ಟಣ ಕಟ್ಟುವುದರಲ್ಲಿ ನನ್ನ ಕೈ ಚುರುಕು. ಒಂದರ ಮಡಿಕೆಗೂ ಇನ್ನೊಂದರ ಮಡಿಕೆಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಊರಿನ ಅಂಚೆಯಣ್ಣ ಬಂದರು. ಐವತ್ತು ದಾಟಿದವರು. ಎಂಥ ಬಿಸಿಲಲ್ಲೂ ಖಾಕಿ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿರುತ್ತಿದ್ದರು. ಮದ್ದೂರಿನಿಂದ ಬರುವ ಇದ್ದಿಲು ಗ್ಯಾಸಿನ ಬಸ್ಸಿನಿಂದ ಟಪಾಲು ಚೀಲ ಇಳಿಸಿಕೊಂಡು, ನಾಲ್ಕು ಹಳ್ಳಿ ಸುತ್ತಿ, ಸಂಜೆಗೆ ಮನೆ ಸೇರುವುದು ಅವರ ಕೆಲಸ. ಸೈನ್ಯಕ್ಕೆ ಸೇರಿದ ಮಕ್ಕಳ ಕಾಗದ ಬಂದರೆ ಆ ಮನೆಯ ಜಗುಲಿಯ ಮೇಲೆ ಕೂತು ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟೇ ಏಳುತ್ತಿದ್ದರು.

"ಏನಾಗತ್ತೆ?" ಎಂದು ಡಾಕ್ಟರು ಕೇಳಿದರು.

"ದಿಣ್ಣೆ ಅತ್ತುವಾಗ ಎದೆ ಮ್ಯಾಲೆ ಯಾರೋ ಮಂಡಿ ಊರಿ ಕುಂತಂಗಾಯ್ತದೆ ಸ್ವಾಮಿ. ಎಡಗೈ ಕಿರುಬೆರಳ ಗಂಟ ಸೆಳೀತದೆ. ನಿಂತ್ಕಂಡ್ರೆ ಓಯ್ತದೆ. ತಿರ್ಗಾ ನಡುದ್ರೆ ಬತ್ತದೆ."

"ಎಷ್ಟು ದಿನದಿಂದ?"

"ಸಂಕ್ರಾಂತಿಯಿಂದ. ಯಾರ್ಗೂ ಏಳಿಲ್ಲ. ಎದೆ ಕೆಟ್ಟದೆ ಅಂತ ಮ್ಯಾಲಿನೋರ್ಗೆ ಗೊತ್ತಾದ್ರೆ ಚೀಲ ಕಿತ್ಕತಾರೆ."

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನಮ್ಮ ಕಟ್ಟಡದ ಐದು ಮೆಟ್ಟಿಲನ್ನು ಹತ್ತಿ ಇಳಿಯುವಂತೆ ಹೇಳಿದರು. ಎಂಟನೆಯ ಸಲಕ್ಕೆ ಅಂಚೆಯಣ್ಣ ಕಂಬ ಹಿಡಿದು ನಿಂತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿ ಹಣೆಯಲ್ಲಿ ಬೆವರೊಡೆಯಿತು. ಡಾಕ್ಟರು ಬೀರುವಿನಿಂದ ಕಂದು ಬಣ್ಣದ ಶೀಸೆ ತೆಗೆದು, ಅದರೊಳಗಿನ ಒಂದು ಗುಳಿಗೆಯನ್ನು ಅವರ ನಾಲಿಗೆಯ ಕೆಳಗೆ ಇಟ್ಟರು. ಉದ್ದಿನ ಕಾಳಿಗಿಂತ ಚಿಕ್ಕದು, ಟ್ರೈನೈಟ್ರಿನ್ ಎಂದು ಹೆಸರು. ಯುದ್ಧ ಶುರುವಾದ ಮೇಲೆ ಅದು ಸಿಗುವುದೇ ಕಷ್ಟವಾಗಿತ್ತು.

ಎರಡು ನಿಮಿಷವಾಗಿರಲಿಲ್ಲ, ಮುಖಕ್ಕೆ ಕೆಂಪೇರಿತು.

"ಎದ್ದೋದ ಸ್ವಾಮಿ! ಎದೆ ಮ್ಯಾಲೆ ಕುಂತಿದ್ದೋನು ಎದ್ದೋದ!" ಎಂದು ಅಂಚೆಯಣ್ಣ ನಕ್ಕರು. "ಆದ್ರೆ ತಲೆ ಡವಡವ ಬಡ್ಕತಾದೆ."

"ಬಡ್ಕೊಳ್ಳಲಿ. ಗುಳಿಗೆ ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದೇ ಗುರುತು," ಎಂದ ಡಾಕ್ಟರು ನನ್ನ ಕಡೆ ತಿರುಗಿ, "ಹನ್ನೆರಡು ಕೊಡಿ ಇವರಿಗೆ," ಎಂದರು.

ನಾನು ಕಾಗದ ಕತ್ತರಿಸಿ ಹನ್ನೆರಡು ಗುಳಿಗೆ ಎಣಿಸಿ ಪೊಟ್ಟಣ ಕಟ್ಟಿದೆ. ಬಿಗಿಯಾದ ಬಿರಡೆಯಿರುವ ಗಾಜಿನಲ್ಲೇ ಇಡಬೇಕು, ಬಿಸಿ ತಾಗಬಾರದು ಎಂದು ಆ ಶೀಸೆಯ ಚೀಟಿಯ ಮೇಲೆ ಅಚ್ಚಾಗಿತ್ತು. ನಾನು ಅದನ್ನು ಓದಿದ್ದೆ. ನನ್ನ ಮೇಜಿನ ಕೆಳಗೆ ಖಾಲಿಯಾದ ಕ್ವಿನೈನ್ ಶೀಸೆಗಳು ನಾಲ್ಕೈದು ಬಿದ್ದಿದ್ದವು. ಒಂದನ್ನು ತೊಳೆದು ಕೊಡಬಹುದಾಗಿತ್ತು. ಉಳಿದೆಲ್ಲ ಗುಳಿಗೆಗಳನ್ನು ಕಟ್ಟುವಂತೆ ಇದನ್ನೂ ಕಟ್ಟಿದೆ, ಅಷ್ಟೆ. ಅಂಚೆಯಣ್ಣ ಪೊಟ್ಟಣವನ್ನು ಕೋಟಿನ ಎದೆಯ ಜೇಬಿಗೆ ಹಾಕಿಕೊಂಡು ಬಿಸಿಲಿಗಿಳಿದರು.

ಹತ್ತು ದಿನದ ಮೇಲೆ ಬಂದು, "ಮೊದಮೊದ್ಲು ಇಡೀತು ಸ್ವಾಮಿ, ಈಗ ಸೀಮೆಸುಣ್ಣ ತಿಂದಂಗದೆ," ಎಂದರು. ಡಾಕ್ಟರು ಒಂದರ ಬದಲು ಎರಡು ಇಟ್ಟುಕೊಳ್ಳಲು ಹೇಳಿದರು. ನಾನು ಮತ್ತೆ ಪೊಟ್ಟಣ ಕಟ್ಟಿದೆ. ಮುಂದಿನ ವಾರವೂ ಅದೇ ಮಾತು. ರೋಗ ಬಲಿಯುತ್ತಿದೆಯೋ, ಇದು ಹೃದಯದ ನೋವೇ ಅಲ್ಲವೋ ಎಂದು ಡಾಕ್ಟರು ಪುಸ್ತಕ ತೆಗೆದು ಕೂತರು. ಊರಿನಲ್ಲಿ ಇದೇ ಕಾಯಿಲೆಯ ಇನ್ನೊಬ್ಬರಿದ್ದರು, ನಿವೃತ್ತ ಅಮಲ್ದಾರರು. ಅವರಿಗೆ ಇದೇ ಶೀಸೆಯ ಗುಳಿಗೆ ಪ್ರತಿ ಸಲವೂ ಗುಣ ಕೊಡುತ್ತಿತ್ತು. "ಒಂದೇ ಮದ್ದು, ಒಂದೇ ರೋಗ. ಒಬ್ಬರಿಗೆ ಹಿಡಿಯತ್ತೆ, ಇನ್ನೊಬ್ಬರಿಗೆ ಇಲ್ಲ. ಯಾಕಯ್ಯ?" ಎಂದು ಡಾಕ್ಟರು ನನ್ನನ್ನೇ ಕೇಳಿದರು. ಅಮಲ್ದಾರರು ಬೆಳ್ಳಿ ಮುಚ್ಚಳದ ಅತ್ತರಿನ ಶೀಸೆ ತಂದು ಗುಳಿಗೆ ತುಂಬಿಸಿಕೊಂಡು ಹೋಗುತ್ತಿದ್ದುದು ನನಗೆ ಗೊತ್ತಿತ್ತು. ಆದರೂ ಹೊಳೆಯಲಿಲ್ಲ.

ಅದರ ಮುಂದಿನ ಸಲ ಬಂದಾಗ ಅಂಚೆಯಣ್ಣನ ಮುಖದಲ್ಲಿ ಗೆಲುವಿತ್ತು. ಅವರು ಯಾವುದನ್ನೂ ಮುಚ್ಚಿಡುವವರಲ್ಲ.

"ತಪ್ಪು ತಿಳೀಬ್ಯಾಡಿ ಸ್ವಾಮಿ. ಮದ್ದೂರ್ನಲ್ಲಿ ಒಬ್ಬ ಟೈಲರ್ ಅವ್ನೆ, ರಂಗೂನಿಂದ ಬಂದೋನು. ಮಣಿಕಟ್ಟಿಗೆ ಸೂಜಿ ಆಕುದ. ದಿಣ್ಣೆ ರಸ್ತೇಲಿ ಆರನೇ ಕಲ್ಲಿಗೆ ನಿಲ್ತಿದ್ದೋನು ಅವತ್ತು ಅತ್ತನೇ ಕಲ್ಲಿನ ಗಂಟ ನಡುದೆ."

ನನಗೆ ಸಿಟ್ಟು ಬಂತು. ಡಾಕ್ಟರಿಗೆ ಕುತೂಹಲ ಬಂತು. "ಅವರನ್ನ ಇಲ್ಲಿಗೇ ಬರಹೇಳಿ," ಎಂದರು.

ಟೈಲರ್ ಭಾನುವಾರದ ಬಸ್ಸಿಗೆ ಬಂದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಹುಟ್ಟಿದ್ದು ಮಳವಳ್ಳಿಯ ಹತ್ತಿರ. ರಂಗೂನಿನಲ್ಲಿ ಹದಿನೈದು ವರ್ಷ ಹೊಲಿಗೆ ಅಂಗಡಿ ನಡೆಸಿ, ಬಾಂಬು ಬಿದ್ದಾಗ ಹೆಂಡತಿಯೊಂದಿಗೆ ಕಾಡುಹಾದಿಯಲ್ಲಿ ನಡೆದು ಬಂದವನು. ಅಲ್ಲಿ ಪಕ್ಕದ ಮಳಿಗೆಯಲ್ಲಿ ಒಬ್ಬ ಚೀನೀ ವೈದ್ಯನಿದ್ದನಂತೆ. ಅವನಿಗೆ ಬಟ್ಟೆ ಹೊಲಿದುಕೊಡುತ್ತ ಇವನು ಸೂಜಿಯ ವಿದ್ಯೆ ಕಲಿತಿದ್ದ. ಬಿದಿರಿನ ಕೊಳವೆಯಲ್ಲಿ ಏಳು ಉಕ್ಕಿನ ಸೂಜಿಗಳಿದ್ದವು. ಡಾಕ್ಟರು ಅವುಗಳನ್ನು ಸ್ಪಿರಿಟ್ ಒಲೆಯ ಮೇಲೆ ಕಾಲು ಗಂಟೆ ಕುದಿಸಲು ನನಗೆ ಹೇಳಿದರು. ಅವನು ಅಂಚೆಯಣ್ಣನ ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲೆ, ಎರಡು ನರಗಳ ನಡುವೆ ಸೂಜಿ ಇಳಿಸಿ, ಹೊಸೆದ ಹಾಗೆ ಮೆಲ್ಲಗೆ ತಿರುಗಿಸಿದ. ರಕ್ತ ಬರಲಿಲ್ಲ.

"ಜುಮ್ಮಂತ ಮೊಣಕೈ ಗಂಟ ಓಯ್ತು," ಎಂದರು ಅಂಚೆಯಣ್ಣ.

"ಇದು ಹೇಗೆ ಕೆಲಸ ಮಾಡತ್ತೆ?" ಎಂದು ಡಾಕ್ಟರು ಟೈಲರನನ್ನು ಕೇಳಿದರು.

"ಗೊತ್ತಿಲ್ಲ ಸ್ವಾಮಿ. ಆ ಚೀನದೋನು ಏನೇನೋ ಏಳೋನು, ಅರ್ಧ ಮಾತು ನಂಗೆ ತಿಳೀತಿರ್ನಿಲ್ಲ. ಎದೆ ನೋವ್ಗೆ ಇಲ್ಲಿ ಆಕು ಅಂದಿದ್ದ, ಆಕ್ತೀನಿ."

ಆ ಉತ್ತರ ಡಾಕ್ಟರಿಗೆ ಹಿಡಿಸಿತು. ಗೊತ್ತಿಲ್ಲ ಎನ್ನುವ ವೈದ್ಯನನ್ನು ಇವತ್ತೇ ನೋಡಿದ್ದು ಎಂದು ನನ್ನ ಹತ್ತಿರ ಹೇಳಿದರು.

ಎರಡನ್ನೂ ತೂಗಿ ನೋಡೋಣ ಎಂದು ಅವರು ತೀರ್ಮಾನಿಸಿದ್ದು ಆವತ್ತೇ. ಹದಿನೈದು ದಿನ ಬರೀ ಗುಳಿಗೆ, ಹದಿನೈದು ದಿನ ಬರೀ ಸೂಜಿ. ಅಳತೆಗೋಲು ರಸ್ತೆಯೇ. ಅಂಚೆ ಕಚೇರಿಯಿಂದ ದಿಣ್ಣೆಯ ಮೇಲಿನ ಹಳ್ಳಿಗೆ ಎರಡು ಮೈಲಿ, ಫರ್ಲಾಂಗಿಗೊಂದು ಕಲ್ಲು. ಯಾವ ಕಲ್ಲಿನ ಹತ್ತಿರ ನೋವು ಬಂತು, ನಿಂತ ಮೇಲೆ ಎಷ್ಟು ಹೊತ್ತಿಗೆ ಹೋಯಿತು, ಇಷ್ಟನ್ನು ಅಂಚೆಯಣ್ಣ ಸಂಜೆ ಬಂದು ಹೇಳಬೇಕು, ನಾನು ಬರೆದಿಡಬೇಕು. ಹೊತ್ತು ನೋಡಲು ಡಾಕ್ಟರು ತಮ್ಮ ಜೇಬು ಗಡಿಯಾರವನ್ನೇ ಅವರಿಗೆ ಕೊಟ್ಟರು.

ಗುಳಿಗೆಯ ಹದಿನೈದು ದಿನಕ್ಕೆ ಬೇಕಾದಷ್ಟನ್ನು ನಾನು ಮೊದಲ ದಿನವೇ ಪೊಟ್ಟಣದಲ್ಲಿ ಕಟ್ಟಿಕೊಟ್ಟೆ. ಮೊದಲ ಎರಡು ಮೂರು ದಿನ ಬಿಟ್ಟರೆ, ಆರನೆಯ ಕಲ್ಲು, ಏಳನೆಯ ಕಲ್ಲು, ಮತ್ತೆ ಆರು. ನಾಲಿಗೆಯ ಕೆಳಗಿಟ್ಟರೂ ನೋವು ತಾನಾಗಿ ಹೋಗುವವರೆಗೆ ಹೋಗುತ್ತಿರಲಿಲ್ಲ. ಸೂಜಿಯ ಹದಿನೈದು ದಿನ ಟೈಲರ್ ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಬಂದುಹೋದ. ಹತ್ತು, ಹನ್ನೊಂದು, ಒಂದು ದಿನ ಅಂಚೆಯಣ್ಣ ಹದಿನಾರು ಕಲ್ಲನ್ನೂ ದಾಟಿ ನೋವಿಲ್ಲದೆ ಹಳ್ಳಿ ಸೇರಿದರು. ಆವತ್ತು ಸಂಜೆ ಅವರೂ ಡಾಕ್ಟರೂ ಕೈ ಕೈ ಹಿಡಿದು ನಕ್ಕದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಡಾಕ್ಟರು ಗುಳಿಗೆ ನಿಲ್ಲಿಸಲು ಹೇಳಿದರು. ಸಿಗದಿರುವ ಮದ್ದನ್ನು ಹಿಡಿಯದವರಿಗೆ ಕೊಟ್ಟು ಯಾಕೆ ಹಾಳು ಮಾಡಬೇಕು, ಅಮಲ್ದಾರರಿಗೆ ಇರಲಿ ಎಂಬುದು ಅವರ ಲೆಕ್ಕಾಚಾರ. ತಡೆದವನು ಟೈಲರ್ ಒಬ್ಬನೇ.

"ಗುಳಿಗೆ ಬುಡಿಸ್ಬ್ಯಾಡಿ ಸ್ವಾಮಿ. ಸೂಜಿ ಏನಿದ್ರೂ ನಾನು ಬಂದಾಗ. ರಸ್ತೇಲಿ ನೋವು ಅಮರ್ಕಂಡ್ರೆ ನಾನು ಪಕ್ಕದಲ್ಲಿರ್ತೀನಾ?"

"ಆದರೆ ಇವರಿಗೆ ಗುಳಿಗೆ ಹಿಡಿಯಲ್ವಲ್ಲಪ್ಪ, ನೋಡಿದೆಯಲ್ಲ," ಎಂದರು ಡಾಕ್ಟರು.

ಅವನು ತಲೆ ಕೆರೆದುಕೊಂಡ. ಹೊರಡುವ ಮುಂಚೆ, ನೋವು ಬಂದರೆ ಸೂಜಿಯ ಜಾಗವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕೆಂದು ಅಂಚೆಯಣ್ಣನಿಗೆ ಕಲಿಸಿಕೊಟ್ಟ.

ಆಷಾಢದಲ್ಲಿ ಡಾಕ್ಟರು ಮನೆಯ ಕೆಲಸಕ್ಕೆಂದು ಮೈಸೂರಿಗೆ ಹೋಗಿದ್ದ ವಾರ, ಅಮಲ್ದಾರರು ಕೋಲೂರಿಕೊಂಡು ಬಂದರು. ಏದುಸಿರು, ಕೋಪ ಎರಡೂ ಇದ್ದವು.

"ಏನಯ್ಯ ಕಾಂಪೌಂಡರ್, ಹೋದ ಸಲ ಏನು ಕಟ್ಟಿಕೊಟ್ಟೆ? ಇಷ್ಟು ವರ್ಷ ಎರಡು ನಿಮಿಷಕ್ಕೆ ಹೋಗ್ತಿದ್ದ ನೋವು ಈಗ ಹೋಗ್ತಾ ಇಲ್ಲ."

"ಅದೇ ಶೀಸೆಯದೇ ಸ್ವಾಮಿ."

"ಅದೇ ಶೀಸೆಯದು, ಆದರೆ ಪೊಟ್ಟಣದಲ್ಲಿ ಕೊಟ್ಟೆ. ನನ್ನ ಅತ್ತರಿನ ಶೀಸೆ ಒಡೆದುಹೋಗಿತ್ತಲ್ಲ."

ಅವರಿಗೆ ಬೀರುವಿನಿಂದ ಒಂದು ಗುಳಿಗೆ ಕೊಟ್ಟು ಕೂರಿಸಿದೆ. ನೋವು ಹೋಯಿತು. ಕ್ವಿನೈನ್ ಶೀಸೆಯೊಂದನ್ನು ತೊಳೆದು ಒಣಗಿಸಿ ಅದರಲ್ಲಿ ತುಂಬಿಕೊಟ್ಟು ಕಳಿಸಿದೆ. ಅವರು ಬಿಟ್ಟುಹೋದ ಪೊಟ್ಟಣ ಮೇಜಿನ ಮೇಲಿತ್ತು. ಬಾಗಿಲು ಹಾಕಿಕೊಂಡು ಅದರಲ್ಲಿನ ಗುಳಿಗೆಯೊಂದನ್ನು ನಾಲಿಗೆಯ ಕೆಳಗಿಟ್ಟೆ. ಏನೂ ಆಗಲಿಲ್ಲ. ಇನ್ನೊಂದಿಟ್ಟೆ. ಏನೂ ಇಲ್ಲ. ಬಾಯಿ ತೊಳೆದು, ಅರ್ಧ ಗಂಟೆ ಬಿಟ್ಟು, ಬೀರುವಿನ ಶೀಸೆಯಿಂದ ಒಂದನ್ನು ಇಟ್ಟುಕೊಂಡೆ. ನಾಲಿಗೆ ಚುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಿಸಿ ಏರಿ, ಕಣ್ಣುಗುಡ್ಡೆಯ ಹಿಂದೆ ತಮಟೆ ಬಡಿದ ಹಾಗೆ ತಲೆ ಸಿಡಿಯತೊಡಗಿತು. ಮೇಜಿನ ಅಂಚು ಹಿಡಿದು ನಿಂತೆ. ಮದ್ದಿನ ಸತ್ವ ಕಾಗದದ ಮೂಲಕ ಹಾರಿಹೋಗುತ್ತಿತ್ತು. ಅಂಚೆಯಣ್ಣನ ಕೋಟಿನ ಜೇಬಿನ ಬಿಸಿಗೆ ಇನ್ನೂ ಬೇಗ ಹಾರಿರಬೇಕು. ಹದಿನೈದು ದಿನ ನಾವು ಸೂಜಿಯ ಜೊತೆ ತೂಗಿದ್ದು ಸತ್ವವಿಲ್ಲದ ಬಿಳಿಯ ಉಂಡೆಗಳನ್ನು. ಸೂಜಿ ಮೇಲೋ ಗುಳಿಗೆ ಮೇಲೋ ಎಂಬುದಕ್ಕೆ ಉತ್ತರ ನಮಗೆ ಸಿಕ್ಕೇ ಇರಲಿಲ್ಲ.

ಡಾಕ್ಟರು ಬಂದ ತಕ್ಷಣ ಹೇಳಬೇಕೆಂದುಕೊಂಡೆ. ಬಂದವರು ಕೋಟು ಕೂಡ ಬಿಚ್ಚದೆ ನನ್ನನ್ನು ಕರೆದು ಕೂರಿಸಿ, ವೈದ್ಯ ಪತ್ರಿಕೆಗೆಂದು ಮೈಸೂರಿನಲ್ಲಿ ಬರೆದು ತಂದಿದ್ದ ಲೇಖನ ಓದಿದರು. ಸೂಜಿ ಮತ್ತು ಗುಳಿಗೆಯ ತುಲನೆ. ಕೊನೆಯಲ್ಲಿ, ಅಂಕಿಗಳನ್ನು ನಂಬಿಕೆಯಿಂದ ಬರೆದಿಟ್ಟ ಕಾಂಪೌಂಡರಿಗೆ ಕೃತಜ್ಞತೆ ಎಂದು ಒಂದು ಸಾಲು ಇತ್ತು. ಅದನ್ನು ಓದಿ ನನ್ನ ಮುಖ ನೋಡಿದರು. ನಾನು, "ಚೆನ್ನಾಗಿದೆ ಸಾರ್," ಎಂದೆ.

ಅಂಚೆಯಣ್ಣನಿಗಾದರೂ ಸರಿಯಾದ ಗುಳಿಗೆ ಮುಟ್ಟಿಸಿಬಿಟ್ಟರೆ ಆಯಿತು, ಉಳಿದದ್ದು ನಿಧಾನವಾಗಿ ಹೇಳೋಣ ಎಂದು ಸಮಾಧಾನ ಮಾಡಿಕೊಂಡೆ. ಶೀಸೆಯಲ್ಲಿ ಹತ್ತು ಗುಳಿಗೆ ಹಾಕಿ ಬಿರಡೆ ಒತ್ತಿ ಅವರ ಮನೆಗೆ ಹೋದೆ. ಅವರ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದರು. ಅಂಚೆಯಣ್ಣ ಶೀಸೆ ನೋಡಿ ಕೈ ಅಲ್ಲಾಡಿಸಿದರು.

"ಅದು ಬ್ಯಾಡ ಬುಡಿ ಸ್ವಾಮಿ. ನನ್ ಮೈಗೆ ಒಗ್ಗಾಕಿಲ್ಲ ಅಂತ ಡಾಕ್ಟ್ರೇ ಏಳವ್ರಲ್ಲ. ಸೂಜಿ ಸಾಕು."

"ಇದು ಬೇರೆ ಥರದ್ದು. ಬೆಂಗಳೂರಿನಿಂದ ಹೊಸದಾಗಿ ಬಂದಿದೆ," ಎಂದೆ.

"ಇಷ್ಟು ದೂರ ತಂದವ್ರೆ, ಈಸ್ಕೊಳ್ಳಿ ಅತ್ಲಾಗೆ," ಎಂದು ಅವರ ಹೆಂಡತಿ ಎದ್ದು, ಶೀಸೆಯನ್ನು ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟರು. ನನ್ನ ತಪ್ಪಿನಿಂದ ಹಿಂದಿನವು ಕೆಟ್ಟಿದ್ದವು, ಇವು ಕೆಟ್ಟಿಲ್ಲ, ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ ಎಂದು ಒಂದು ಮಾತು ಹೇಳಿದ್ದರೆ ಅವರು ಕೇಳುತ್ತಿದ್ದರು. ಅವರು ಹಾಗೆ ಕೇಳುವ ಮನುಷ್ಯರೇ. ನಾನು ಒಂದು ಲೋಟ ಮಜ್ಜಿಗೆ ಕುಡಿದು ಎದ್ದುಬಂದೆ.

ಶ್ರಾವಣದ ಎರಡನೆಯ ವಾರ, ಸೋನೆ ಹಿಡಿದಿದ್ದ ಒಂದು ಬೆಳಗ್ಗೆ, ಗಾಡಿಯಲ್ಲಿ ಅಂಚೆಯಣ್ಣನನ್ನು ತಂದರು. ದಿಣ್ಣೆಯ ನಡುವೆ ಹೊಂಗೆ ಮರಕ್ಕೆ ಒರಗಿ ಕೂತಿದ್ದರಂತೆ. ಪಕ್ಕದ ಹೊಲದವನು ಕೂಗಿ ಮಾತಾಡಿಸಿದಾಗ ಇನ್ನೂ ಉಸಿರಿತ್ತು. ಬಹಳ ಹೊತ್ತು ನರಳಿದರು ಎಂದು ಅವನೇ ಹೇಳಿದ. ನಮ್ಮ ಮೆಟ್ಟಿಲಿಗೆ ಬರುವಷ್ಟರಲ್ಲಿ ಮುಗಿದಿತ್ತು. ಬಲಗೈಯ ಹೆಬ್ಬೆರಳು ಎಡ ಮಣಿಕಟ್ಟನ್ನು ಒತ್ತಿಕೊಂಡೇ ಇತ್ತು. ಬಿಡಿಸಲು ಡಾಕ್ಟರು ಕಷ್ಟಪಟ್ಟರು. ಕೋಟಿನ ಜೇಬು ನೋಡಿದೆ. ಶೀಸೆ ಇರಲಿಲ್ಲ.

ಮೂರನೆಯ ದಿನ, ರೈಲಿನಲ್ಲಿ ಬಂದ ಔಷಧದ ಪೆಟ್ಟಿಗೆ ಬಿಡಿಸಿಕೊಳ್ಳಲು ನಾನು ಮದ್ದೂರಿಗೆ ಹೋಗಿದ್ದೆ. ಪೇಟೆಯಲ್ಲಿ ಗುಂಪು ಸೇರಿತ್ತು. ಅಂಚೆಯಣ್ಣನ ಭಾವಮೈದುನನೂ ಇನ್ನು ನಾಲ್ಕು ಜನರೂ ಟೈಲರನನ್ನು ಅಂಗಡಿಯಿಂದ ಹೊರಗೆಳೆದಿದ್ದರು. ಹೊಲಿಗೆ ಮಿಷನ್ನು ರಸ್ತೆಯಲ್ಲಿ ಮಗುಚಿ ಬಿದ್ದಿತ್ತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಬೇಡ ಬೇಡ ಎನ್ನುತ್ತಿದ್ದಳು.

"ನರಕ್ಕೆ ಸೂಜಿ ಚುಚ್ಚಿ ಚುಚ್ಚಿ ಕೊಂದಲ್ಲೋ ನಮ್ಮ ಭಾವುನ್ನ! ಬರ್ಮಾದಲ್ಲಿ ಬದುಕ್ನಾರ್ದೆ ಓಡ್ಬಂದು ಇಲ್ಲಿ ಜನುನ್ನ ಸಾಯಿಸ್ತಿಯೇನ್ಲಾ?"

ಟೈಲರ್ ತನ್ನ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಅಷ್ಟರಲ್ಲಿ ಭಾವಮೈದುನನ ಕಣ್ಣು ನನ್ನ ಮೇಲೆ ಬಿತ್ತು.

"ಅಗೋ ಕಾಂಪೌಂಡ್ರೇ ಅವ್ರೆ. ನೀವೇ ಏಳಿ ಸ್ವಾಮಿ, ಇವ್ನ ಸೂಜಿಯಿಂದ್ಲೇ ತಾನೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಟೈಲರನೂ ನೋಡಿದ. ಅವನಿಗೂ ಆ ಉತ್ತರ ಬೇಕಿತ್ತು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ನನಗೆ ಗೊತ್ತಿಲ್ಲಪ್ಪ," ಎಂದು ಸ್ಟೇಷನ್ನಿನ ದಾರಿ ಹಿಡಿದೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದ್ದು ಮಾರನೆಯ ದಿನ. ಗುಳಿಗೆ ಬಿಡಿಸಿದ್ದು ತಾವೇ, ಕೊಂದದ್ದು ತಾವೇ ಎಂದು ಅವರು ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ನೋಡಲಾರದೆ ಹೇಳಿದೆ. ಅವರು ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು.

"ಆ ಗುಳಿಗೆ ಅವರ ಪ್ರಾಣ ಉಳಿಸ್ತಿತ್ತು ಅಂತ ನಾನು ಹೇಳಲಾರೆ," ಎಂದರು. "ಅದು ನೋವಿನ ಮದ್ದು. ರೋಗ ಅದರ ಪಾಡಿಗೆ ಅದಿತ್ತು. ಆದರೆ ನಾಲ್ಕು ತಿಂಗಳು ಆ ನೋವು ತಿಂದರಲ್ಲಯ್ಯ, ಅದನ್ನ ತಿನ್ನಬೇಕಾಗಿರಲಿಲ್ಲ."

ಲೇಖನದ ಹಾಳೆಗಳನ್ನು ಹರಿದುಹಾಕಿದರು. ಸಂಜೆಯೇ ನನ್ನನ್ನು ಕರೆದುಕೊಂಡು ಅಂಚೆಯಣ್ಣನ ಮನೆಗೆ ಹೋಗಿ, ಟೈಲರನ ತಪ್ಪು ಏನೂ ಇಲ್ಲ, ಔಷಧ ಕೆಟ್ಟಿತ್ತು, ತಪ್ಪು ನಮ್ಮದು ಎಂದರು. ನಮ್ಮದು ಎಂದರೇ ಹೊರತು ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನಾಗಿಯೂ ಬಾಯಿ ಬಿಡಲಿಲ್ಲ.

ಅಂಚೆಯಣ್ಣನ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. "ಈಗ ಏಳಿ ಏನ್ ಮಾಡೀರಿ ಸ್ವಾಮಿ," ಎಂದು ಸೆರಗು ಮುಖಕ್ಕೆಳೆದುಕೊಂಡರು.

ಭಾನುವಾರ ಮದ್ದೂರಿಗೆ ಹೋದೆವು. ಅಂಗಡಿಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೆ ತಿಳಿದಿರಲಿಲ್ಲ. ಹುಡುಕಿಸಬೇಕು ಎನ್ನುತ್ತಲೇ ಇದ್ದ ಡಾಕ್ಟರಿಗೆ ಆ ವರ್ಷವೇ ದೂರದ ಜಿಲ್ಲೆಗೆ ವರ್ಗವಾಯಿತು. ಆ ಕೆಲಸವನ್ನು ನನಗೆ ಒಪ್ಪಿಸಿ ಹೋದರು. ನಾನು ಹುಡುಕಲಿಲ್ಲ.

ನಾಲ್ಕು ವರ್ಷದ ಮೇಲೆ ನನಗೆ ಮಂಡ್ಯಕ್ಕೆ ವರ್ಗವಾಯಿತು. ಬಂದ ಎರಡನೆಯ ತಿಂಗಳು, ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಮುರುಕು ಜಗುಲಿಯ ಮೇಲೆ ಬಟ್ಟೆ ಕತ್ತರಿಸುತ್ತ ಕೂತಿದ್ದವನನ್ನು ಕಂಡು ಕಾಲು ತಡೆಯಿತು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಗುರುತು ಸಿಕ್ಕಿತೇ?" ಎಂದೆ.

"ಸಿಕ್ತು. ಕಾಂಪೌಂಡ್ರು."

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪೊಟ್ಟಣ, ಅಮಲ್ದಾರರು, ಗೂಡಿನಲ್ಲಿ ಉಳಿದ ಶೀಸೆ, ಒಂದನ್ನೂ ಬಿಡಲಿಲ್ಲ. ಅವನು ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಕೇಳಿದ.

"ಅಂಗಾದ್ರೆ ನನ್ ಸೂಜಿಯಿಂದ ಅಲ್ವಾ?"

"ಅಲ್ಲ."

"ಡಾಕ್ಟ್ರೂ ಅಂಗೇ ಅಂದ್ರಾ?"

"ಅಂದರು. ನಿಮಗೆ ಹೇಳಬೇಕು ಅಂತ ಮದ್ದೂರಿಗೂ ಬಂದಿದ್ದರು."

"ನಾನೇ ಕೊಂದೆ ಅಂತಿದ್ದೆ ಸ್ವಾಮಿ. ಆ ಸೂಜಿಗಳ್ನ ಅವತ್ತೇ ಒಳೆಗೆ ಆಕ್ಬುಟ್ಟೆ. ಓದ್ವರ್ಸ ನಮ್ಮೋಳು ಒಟ್ಟೆನೋವಲ್ಲಿ ಮೂರು ತಿಂಗ್ಳು ಮಲಗಿದ್ಲು. ರಂಗೂನಲ್ಲಿ ಅವ್ಳಿಗೆ ಎಷ್ಟೋ ಸಲ ಆಕಿದ್ದೆ, ನೋವು ತಗ್ಗೋದು. ಬ್ಯಾರೆ ಸೂಜಿ ತಂದಾದ್ರೂ ಆಕು ಅಂತ ದಿನಾ ಕೈ ನೀಡೋಳು. ನನ್ ಕೈ ಕೊಲ್ಲೋ ಕೈ ಅಂತ ನಾನು ಮುಟ್ನೇ ಇಲ್ಲ. ನೋವಲ್ಲೇ ಓಗ್ಬುಟ್ಲು."

ಅವನು ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸರಿಮಾಡಿದ.

"ಅವತ್ತು ರಸ್ತೇಲಿ ನಿಂತಿದ್ರಲ್ಲ, ಆಗ್ಲೇ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

"ಸರಿ ಓಗಿ ಸ್ವಾಮಿ, ನಂಗೂ ಕೆಲ್ಸ ಅದೆ," ಎಂದು ಕತ್ತರಿ ಎತ್ತಿಕೊಂಡ.